ಗೊಂಬೆಯ ಕುಲಾವಿ

ಮೊಮ್ಮಗಳು ವಿಶಾಖಪಟ್ಟಣದ ಒಂದು ಸಣ್ಣ ಮ್ಯೂಸಿಯಂಗೆ ಪ್ರದರ್ಶನ ರೂಪಿಸುವ ಕೆಲಸ ಮಾಡುತ್ತಾಳೆ. ಎಪ್ಪತ್ತೊಂದರ ಯುದ್ಧದಲ್ಲಿ ಊರಿಗೆ ಬಾಂಬು ಬೀಳುತ್ತದೆಂದು ಹೆದರಿ ನಾವು ವಿಜಯವಾಡಕ್ಕೆ ಓಡಿಹೋದ ಕತೆಯನ್ನೇ ಈ ಸಲ ಆರಿಸಿಕೊಂಡಳು. ಮನೆಯಲ್ಲೇ ಮುದುಕಿ ಇರುವಾಗ ಬೇರೆ ಕಡೆ ಯಾಕೆ ಹುಡುಕಬೇಕು.

ರೈಲಿನ ಡಬ್ಬಿಯನ್ನೇ ಕಟ್ಟಿಸಿದ್ದಳು. ಮರದ ಬೆಂಚಿನ ಮೇಲೆ ನನ್ನ ಅತ್ತೆಯ ಆಳೆತ್ತರದ ಗೊಂಬೆ, ಪಕ್ಕದಲ್ಲಿ ದೇವರ ಪೆಟ್ಟಿಗೆ, ಮಡಿಲಲ್ಲಿ ನನ್ನ ಮೊದಲ ಮಗು. ಮಗುವಿಗೆ ಉಣ್ಣೆಯ ಅಂಗಿ, ಕೆಂಪು ಕುಲಾವಿ. ತೋರಿಸಲೆಂದು ನನ್ನನ್ನೂ ಮಗನನ್ನೂ ಊರಾಚೆಯ ಗಾಜುವಾಕದ ಮನೆಯಿಂದ ಕರೆಸಿದಳು.

“ಹೇಗಿದೆ ಅಜ್ಜಿ?”

“ಮಗೂನ ಬತ್ತಲೆ ಮಾಡು.”

ಅವಳು ನಕ್ಕಳು. ನಾನು ನಗಲಿಲ್ಲ.

ಓಡಿದ ದಿನ ನಾನು ಮುಟ್ಟಾಗಿದ್ದೆ. ಅತ್ತೆ ದೇವರ ಪೆಟ್ಟಿಗೆ ಹಿಡಿದು ಮಡಿಯಲ್ಲಿದ್ದರು. ರೈಲಿನ ಜನವೆಲ್ಲ ಅವರ ಮೈಮೇಲೇ ಬೀಳುತ್ತಿತ್ತು, ಅದು ಮೈಲಿಗೆಯಲ್ಲ. ಸೊಸೆ ಮಾತ್ರ ಮೈಲಿಗೆ. ನನ್ನನ್ನು ಕಕ್ಕಸಿನ ಬಾಗಿಲ ಪಕ್ಕ ನೆಲದಲ್ಲಿ ಕೂರಿಸಿದರು. ಆ ನಾತದಲ್ಲಿ ಕೂಸು ಇರುವುದು ಬೇಡವೆಂದು ಅವರಿಗೇ ಅನ್ನಿಸಿತು.

“ಬಟ್ಟೆ ಬಿಚ್ಚಿ ಕೊಡೇ. ಬಟ್ಟೆಗೆ ಮೈಲಿಗೆ, ಕೂಸಿನ ಬರೀ ಮೈಗಿಲ್ಲ.”

ಗಂಟಿನಲ್ಲಿದ್ದ ಬಟ್ಟೆಯನ್ನೆಲ್ಲ ನಾನೇ ಮುಟ್ಟಿ ಕಟ್ಟಿದ್ದೆ, ಯಾವುದೂ ಆಗದು. ಅವಸರದಲ್ಲಿ ಅತ್ತೆ ಒದ್ದೆಯಲ್ಲೇ ಉಟ್ಟುಬಂದ ಮಡಿಸೀರೆಯ ಸೆರಗೇ ಮಗುವಿಗೆ ಹೊದಿಕೆ. ಅದು ಹಾಲಿಗೆ ಅತ್ತರೆ ನನ್ನ ಕಡೆ ಬರುತ್ತಿತ್ತು, ಅಂಗಿ ತೊಡಿಸುತ್ತಿದ್ದೆ. ಕುಡಿದಾದ ಮೇಲೆ ಮತ್ತೆ ಬಿಚ್ಚಬೇಕು. ಡಿಸೆಂಬರಿನ ಗಾಳಿ. ನನ್ನ ಗಂಡ ಕಿಟಕಿ ಕಡೆ ತಿರುಗಿ ಕೂತಿದ್ದರು.

ವಿಜಯವಾಡದ ಗವರ್ನರ್‌ಪೇಟೆಯ ಬಾಡಿಗೆ ಕೋಣೆ ಸೇರುವಷ್ಟರಲ್ಲಿ ಮಗುವಿನ ಎದೆ ಗೊರಗೊರ ಅನ್ನುತ್ತಿತ್ತು. ನಾನು ತಲೆಗೆ ನೀರೆರೆದುಕೊಂಡು ಒಳಗೆ ಬಂದ ದಿನವೇ ಕೂಸು ಹೋಯಿತು.

“ಈಗ ತಾನೆ ಶುದ್ಧ ಆದೆ, ಆಗಲೇ ಸೂತಕ ತಂದೆಯಲ್ಲೇ,” ಅಂದರು ಅತ್ತೆ.

ಕೃಷ್ಣೆಯ ದಡದಲ್ಲಿ ಹೂತು ಬಂದರು. ದೇವರ ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಇದನ್ನೆಲ್ಲ ಆ ಬೆಂಚಿನ ಮುಂದೆ ನಿಂತೇ ಹೇಳಿದೆ. ಮಗ ಸಿಡುಕಿದ.

“ಬಿಡಮ್ಮ, ಸತ್ತವರ ಮಾನ ಯಾಕೆ ಕಳೀತೀಯ?”

“ಮಗೂನೂ ಸತ್ತದ್ದೇ ಕಣೋ.”

ಮೊಮ್ಮಗಳು ನನ್ನ ಕೈ ಹಿಡಿದಳು. “ಅಜ್ಜಿ, ಬತ್ತಲೆ ಗೊಂಬೆ ಇಟ್ರೆ ಜನ ಏನಂತಾರೆ? ಸ್ಕೂಲ್ ಮಕ್ಕಳು ಬರ್ತಾರೆ. ಫೀಲಿಂಗೇ ಹೋಗತ್ತೆ.”

“ಜನ ಏನಾದರೂ ಅನ್ನಲಿ ಅಂತಲೇ ಇಡು.”

ಕೈ ಬಿಡಿಸಿಕೊಂಡು, ಬೆಂಚಿನ ಮುಂದೆ ಅಡ್ಡ ಕಟ್ಟಿದ್ದ ಹಗ್ಗ ದಾಟಿದೆ. ಕುಲಾವಿ ಕಿತ್ತೆ, ಅಂಗಿ ಬಿಚ್ಚಿದೆ, ಹಾಗೇ ಅತ್ತೆಯ ಮಡಿಲಲ್ಲಿ ಮಲಗಿಸಿದೆ. “ಈಗ ಸರಿಯಾಯಿತು,” ಅಂದೆ. ಮೊಮ್ಮಗಳು ಅಂಗಿ, ಕುಲಾವಿ ಎತ್ತಿ ಮಡಿಸಿಟ್ಟಳು. ಒಪ್ಪಿದಳು ಅಂದುಕೊಂಡೆ.

ಪ್ರದರ್ಶನ ತೆರೆದ ದಿನ ಹೋಗಿ ನೋಡಿದರೆ ಮಗುವಿಗೆ ಹೊಸ ಅಂಗಿ, ಹೊಸ ಕುಲಾವಿ. ಎಳೆದೆ, ಬರಲಿಲ್ಲ. ಗೊಂಬೆಯ ಮೈಗೇ ಸೇರಿಸಿ ಹೊಲಿದಿದ್ದರು.

ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬಳು, ಮಗುವನ್ನು ಎಷ್ಟು ಬೆಚ್ಚಗೆ ಇಟ್ಟುಕೊಂಡಿದ್ದಾರೆ ಮಹಾತಾಯಿ ಎಂದು ತೆಲುಗಿನಲ್ಲಿ ಅಂದಳು. ಅತ್ತೆಗೆ ಕೈ ಮುಗಿದಳು.