ಪ್ಲಾಟಿನಮ್ ಚುಕ್ಕಿ, ಕದಲದ ಉಬ್ಬು

"ಕರೆಂಟ್ ಕೆಲ್ಸ ಅಂತೀಯ, ನಮ್ಮನೆ ಮಿಕ್ಸಿ ರಿಪೇರಿ ಮಾಡಕ್ಕೆ ಬರಲ್ಲ ಅಂತೀಯ. ಏನ್ ಓದಿದ್ಯೋ, ನಿಂಗೇ ಗೊತ್ತು!"

ಯಡಿಯೂರಿನ ನಮ್ಮ ಓನರ್ ಆಂಟಿ ನನ್ನ ಪಿಎಚ್‌ಡಿ ಬಗ್ಗೆ ಕೊಟ್ಟ ತೀರ್ಪು ಇದು. ತಪ್ಪು ಅನ್ನೋಕೂ ಆಗಲ್ಲ. ನಾನು ಮಾಡ್ತಿದ್ದ ಕೆಲ್ಸ ಕಣ್ಣಿಗೇ ಕಾಣ್ತಿರಲಿಲ್ಲ. ಕೂದಲಿಗಿಂತ ತೆಳ್ಳಗಿನ ಪ್ಲಾಟಿನಮ್ ತಂತಿಗಳನ್ನ ಗಾಜಿನೊಳಗೆ ಕೂರಿಸಿ, ತುದೀನ ಉಜ್ಜಿ ಉಜ್ಜಿ ಕನ್ನಡಿ ಥರ ಮಾಡೋದು. ಕೊನೆಗೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ತಂತಿಗಳ ತುದಿ ಮಾತ್ರ ಕಾಣತ್ತೆ, ಅದೂ ಮೈಕ್ರೋಸ್ಕೋಪಿನಲ್ಲಿ. ಅದೇ ನನ್ನ ಎಲೆಕ್ಟ್ರೋಡ್. ಅದನ್ನ ಮೆಥನಾಲ್ ಬೆರೆಸಿದ ನೀರಿಗೆ ಇಳಿಸಿ ವೋಲ್ಟೇಜ್ ಕೊಟ್ಟರೆ, ಆ ಚುಕ್ಕಿಗಳ ಮೇಲೆ ಮೆಥನಾಲ್ ಒಡೆದು ಇನ್ನೇನೋ ಆಗತ್ತೆ. ಆ ನಡುವಿನ ಗಳಿಗೇಲಿ ಪ್ಲಾಟಿನಮ್ಮಿಗೆ ಅಂಟಿಕೊಂಡು ಕೂರೋರು ಯಾರು, ಅವರ ಮುಖ ಹೇಗಿದೆ ಅಂತ ಹುಡುಕೋದೇ ನನ್ನ ಥೀಸಿಸ್ಸು.

ಮುಖ ನೋಡೋಕೆ ಇನ್‌ಫ್ರಾರೆಡ್ ಬೆಳಕು ಬೇಕು. ಒಂದೊಂದು ಅಣುವೂ ಆ ಬೆಳಕಿನಲ್ಲಿ ತನ್ನ ಪಾಲು ತಾನು ನುಂಗಿ, ಗ್ರಾಫಿನ ಮೇಲೆ ತನ್ನದೇ ಜಾಗದಲ್ಲಿ ಒಂದು ಉಬ್ಬು ಬಿಡತ್ತೆ. ಆದರೆ ಎಲೆಕ್ಟ್ರೋಡು ದೋಸೆ ಕಾವಲಿ ಇದ್ದ ಹಾಗೆ. ನಿನ್ನೆ ಯಾರೋ ಅದರ ಮೇಲೆ ಆಮ್ಲೆಟ್ ಹಾಕಿದ್ರೆ ಇವತ್ತಿನ ದೋಸೆ ಹೇಳ್ಬಿಡತ್ತೆ.

ಅದಕ್ಕೇ ನಮ್ಮ ಗೈಡ್ ಸಾರ್ ನಿಯಮಗಳು ಅಂದ್ರೆ ಅಬ್ಬಬ್ಬಾ! ತಲೆಗೆ ಎಣ್ಣೆ ಹಚ್ಚಿ ಲ್ಯಾಬಿಗೆ ಬರೋ ಹಾಗಿಲ್ಲ. ಮಲ್ಲಿಗೆ ಮುಡಿಯೋ ಹಾಗಿಲ್ಲ. ಪರ್ಫ್ಯೂಮ್ ಹಾಕಿದ್ರೆ ಬಾಗಿಲಲ್ಲೇ ವಾಪಸ್. ಆಯುಧಪೂಜೆಗೆ ಬೇರೆ ಲ್ಯಾಬಿನೋರೆಲ್ಲ ಮೆಷಿನ್ನಿಗೆ ಹೂವು ಹಾಕಿ, ಕುಂಬಳಕಾಯಿ ಒಡೆದು, ಪುರಿ ಹಂಚ್ತಿದ್ರೆ, ನಮ್ಮ ಬಾಗಿಲಿಗೆ ಬೀಗ. "ಊದುಬತ್ತಿ ಹೊಗೆ ಮೆಷಿನ್ ಒಳಗಿನ ಕನ್ನಡಿ ಮೇಲೆ ಕೂತ್ರೆ ನಿಮ್ಮ ದೇವರು ಬಂದು ಒರೆಸ್ತಾನಾ?" ಅಂತಿದ್ರು. "ನೀನೇನು ಓದಕ್ಕೆ ಹೋಗ್ತೀಯೋ, ಸನ್ಯಾಸಕ್ಕೆ ಹೋಗ್ತೀಯೋ" ಅಂತ ಅಮ್ಮ ನನ್ನ ಒಣ ಕೂದಲು ನೋಡಿ ಗೊಣಗ್ತಿದ್ಲು.

ಆ ವರ್ಷ ಸಂಕ್ರಾಂತಿಗೆ ಸಾರ್ ರಿಟೈರ್ ಆಗೋರಿದ್ರು. ಅವರ ಹಿಂದೆಯೇ ಅವರ ಹಳೇ ಇನ್‌ಫ್ರಾರೆಡ್ ಮೆಷಿನ್ನೂ ಗೋಡೌನ್ ಸೇರೋದು ಅಂತ ತೀರ್ಮಾನ ಆಗಿತ್ತು. ನನ್ನ ಕೊನೇ ಅಧ್ಯಾಯಕ್ಕೆ ಬೇಕಿದ್ದಿದ್ದು ಒಂದೇ ಒಂದು ಉಬ್ಬು. ಅದು ಸಿಕ್ಕದೆ ಮೆಷಿನ್ ಹೋದ್ರೆ ನನ್ನ ಇಷ್ಟು ವರ್ಷದ ಉಜ್ಜಾಟ ಎಲ್ಲ ನೀರಲ್ಲಿ ಹೋಮ. ದಸರಾ ರಜೆ ಪೂರ್ತಿ ಅದೇ ಯೋಚನೆಯಲ್ಲಿ ನಿದ್ದೆಗೆಟ್ಟು, ಜೊತೆಗೊಂದು ಸಖತ್ ನೆಗಡಿ ಹಿಡಿಸಿಕೊಂಡು, ಮೂಗು ಪೂರ್ತಿ ಕಟ್ಟಿಕೊಂಡು ಲ್ಯಾಬಿಗೆ ಬಂದೆ.

ಬಂದ ಮೊದಲ ದಿನವೇ ಉಬ್ಬು ಬಂತು! ಎಷ್ಟು ಚೆನ್ನಾಗಿ ಅಂದ್ರೆ, ಹೊಸದಾಗಿ ಸೈಟ್ ಕೊಂಡೋನು ನೆಟ್ಟ ಕಲ್ಲಿನ ಹಾಗೆ, ನಾವು ಹುಡುಕ್ತಿದ್ದ ಜಾಗದಲ್ಲೇ, ನೆಟ್ಟಗೆ. ಸಾರ್ ಕನ್ನಡಕ ತೆಗೆದು ನೋಡಿದ್ರು, ಹಾಕ್ಕೊಂಡು ನೋಡಿದ್ರು. ಆಮೇಲೆ ನನ್ನನ್ನ ಜಯನಗರ ಫೋರ್ತ್ ಬ್ಲಾಕಿಗೆ ಕರ್ಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದ್ರು. ಅಷ್ಟು ವರ್ಷದಲ್ಲಿ ಒಂದು ಟೀ ಕೊಡಿಸದ ಮನುಷ್ಯ! ನೆಗಡಿಯಲ್ಲಿ ತುಪ್ಪದ ವಾಸನೆ ಕೂಡ ಗೊತ್ತಾಗಲಿಲ್ಲ, ಆದರೂ ಅಂಥ ದೋಸೆ ನಾನು ಮತ್ತೆ ತಿಂದಿಲ್ಲ.

ಆ ಖುಷಿಯಲ್ಲಿ ಇಬ್ಬರೂ ಒಂದು ಪ್ರಶ್ನೆ ಕೇಳೋದು ಮರೆತಿದ್ವಿ. ಯಾವ ಗ್ರಾಫ್ ತೋರಿಸಿದ್ರೂ ಸಾರ್ ಮೊದಲು ಕೇಳೋದು, "ಕದಲತ್ತಾ?" ಎಲೆಕ್ಟ್ರೋಡಿಗೆ ನಿಜವಾಗಿ ಅಂಟಿಕೊಂಡಿರೋದಾದ್ರೆ, ವೋಲ್ಟೇಜ್ ಏರಿಸಿದ ಹಾಗೆ ಅದರ ಉಬ್ಬು ಒಂಚೂರು ಪಕ್ಕಕ್ಕೆ ಸರೀಬೇಕು. ಮೆಷಿನ್ನಿನ ಗಾಳಿಯಲ್ಲಿ ಸುಮ್ಮನೆ ತೇಲ್ತಿರೋದಕ್ಕೆ ವೋಲ್ಟೇಜಿನ ಹಂಗಿಲ್ಲ, ಕೂತಲ್ಲೇ ಕೂತಿರತ್ತೆ. ಮಾರನೇ ದಿನ ವೋಲ್ಟೇಜ್ ಏರಿಸಿದೆ. ಕದಲಲಿಲ್ಲ. ಇಳಿಸಿದೆ. ಊಹೂಂ. ಕೊನೆಗೆ ವೋಲ್ಟೇಜೇ ಕೊಡದೆ ಬಿಟ್ಟೆ. ಆಗಲೂ ಬೆಳೀತಾನೇ ಇತ್ತು, ಹಾಳಾದ್ದು.

ಸಾರ್ ಅದನ್ನ ಹಳೇ ಗ್ರಾಫುಗಳ ಜೊತೆ ಹೋಲಿಸಿ ನೋಡಿದ್ರು. "ಕರ್ಪೂರ" ಅಂದ್ರು. ಆಮೇಲೆ ನಿಧಾನವಾಗಿ ನನ್ನ ಮೂಗು ನೋಡಿದ್ರು. "ಏನ್ ಹಚ್ಕೊಂಡಿದೀಯ?"

"ನೆಗಡಿ ಮುಲಾಮು ಸಾರ್."

"ಅದ್ರಲ್ಲಿ ಕರ್ಪೂರ ಇರಲ್ವಾ? ನಾನು ಬಾಯಿ ಬಡ್ಕೊಳ್ಳೋದು ಯಾರಿಗೆ? ಗೋಡೆಗಾ?"

ಆ ಕಾರಿಡಾರಿಗೆಲ್ಲ ಕೇಳೋ ಹಾಗೆ ಬೈದ್ರು. ನನಗೆ ಅಳು ಬರೋ ಬದಲು ಕೋಪ ಬಂತು. ಮೆಷಿನ್ನಿನ ಮುಚ್ಚಿದ ಪೆಟ್ಟಿಗೆ ಒಳಗೆ, ಒಣಗಾಳಿ ಹರಿಯೋ ಜಾಗಕ್ಕೆ, ನನ್ನ ಮೂಗಿನ ಮುಲಾಮು ಅಷ್ಟೊಂದು ನುಗ್ಗತ್ತಾ? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿದ ಹಾಗಾಯ್ತು. ಬನಶಂಕರಿ ಬಸ್ ಸ್ಟ್ಯಾಂಡಿನವರೆಗೂ ಮನಸ್ಸಲ್ಲೇ ಅವರ ಜೊತೆ ಜಗಳ ಆಡ್ತಾ ನಡೆದೆ. ಬಸ್ಸು ಎರಡು ಬಿಟ್ಟೆ.

ಮುಲಾಮು ಬಿಟ್ಟು, ಅಮ್ಮನ ಮೆಣಸಿನ ಕಷಾಯ ಕುಡಿದು ಮಲಗಿದ್ದೇ ಮಲಗಿದ್ದು. ನೆಗಡಿ ಇಳಿದ ದಿನ ಬೆಳಗ್ಗೆ ಲ್ಯಾಬಿಗೆ ಬಂದು ಪೆಟ್ಟಿಗೆ ಮುಚ್ಚಳ ತೆಗೆದೆ. ಅಯ್ಯೋ ಶಿವನೇ! ಘಮ್ ಅಂತ ಮಂಗಳಾರತಿ ಹೊತ್ತಿನ ಗರ್ಭಗುಡಿ ವಾಸನೆ. ಟಾರ್ಚ್ ಹಾಕಿ ನೋಡಿದ್ರೆ, ಒಣಗಾಳಿ ಪೈಪಿನ ಹಿಂದೆ, ಕರಗಿ ಕರಗಿ ಕಡಲೆಬೀಜದಷ್ಟಾಗಿದ್ದ ಒಂದು ಬಿಲ್ಲೆ ಕರ್ಪೂರ. ಪಕ್ಕದಲ್ಲಿ, ಯಾರಿಗೂ ಕಾಣದ ಹಾಗೆ, ಪುಟ್ಟ ಕುಂಕುಮದ ಬೊಟ್ಟು.

ಸಾರ್ ಬರೋದನ್ನೇ ಕಾದಿದ್ದು, ಬಿಲ್ಲೇನ ಕಾಗದದ ಮೇಲಿಟ್ಟು ಮುಂದೆ ಹಿಡಿದೆ. "ಇದು ಯಾರ ಮೂಗಿಂದು ಸಾರ್?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ, ಅವರು ಕುಂಕುಮ ಇನ್ನೂ ಅಂಟಿದೆಯೇನೋ ಅಂತ ತಮ್ಮ ಬಲಗೈ ಉಂಗುರದ ಬೆರಳು ನೋಡ್ಕೊಂಡ್ರು. ನಾನು ನಕ್ಕುಬಿಟ್ಟೆ.

"ಆಯುಧಪೂಜೆ ದಿನ ಇಟ್ಟಿದ್ದ ಎಲೆ ಅಡಿಕೆ, ಬಾಳೆಹಣ್ಣು ಎಲ್ಲ ವಾಪಸ್ ತಗೊಂಡೆ ಕಣಮ್ಮ. ಇದು ಎಲ್ಲಿ ಉರುಳಿತ್ತೋ, ಮರೆತೇಬಿಟ್ಟೆ."

"ಹಚ್ಚಲಿಲ್ವಾ ಸಾರ್?"

"ಹಚ್ಚಿದ್ರೆ ಹೊಗೆ ಕನ್ನಡಿ ಮೇಲೆ ಕೂರಲ್ವಾ?" ಅಂದ್ರು, ಇಷ್ಟಾದ್ಮೇಲೂ ನನಗೇ ಪಾಠ ಹೇಳೋ ದನಿಯಲ್ಲಿ. ಹಚ್ಚದಿದ್ರೂ ಕರ್ಪೂರ ಆವಿಯಾಗತ್ತೆ ಅಂತ ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಕೆಮಿಸ್ಟ್ರಿ ಪ್ರೊಫೆಸರಿಗೆ ನೆನಪಾಗಿರಲಿಲ್ಲ.

"ನೀವು ದೇವರನ್ನ ನಂಬಲ್ಲ ಅಲ್ವಾ ಸಾರ್?"

ಅವರು ಮೆಷಿನ್ನಿನ ಮೇಲೆ ಕೈ ಇಟ್ರು. "ಇದಕ್ಕೆ ಇದೇ ಕೊನೇ ಹಬ್ಬ. ಒಂದು ವರ್ಷಾನೂ ಒಂದು ಹೂವು ಹಾಕಲಿಲ್ಲ. ಈ ಹುಡುಗಿ ಕೆಲ್ಸ ಮುಗಿಯೋ ತನಕ ಕೈ ಕೊಡಬೇಡಪ್ಪಾ, ಅಂತ ಇದನ್ನೇ ಕೇಳ್ಕೊಂಡೆ. ಅಷ್ಟೇ."

ನನ್ನ ಕೋಪ ಎಲ್ಲಿ ಹೋಯ್ತೋ ಗೊತ್ತಿಲ್ಲ.

ಪೆಟ್ಟಿಗೆ ಒರೆಸಿದ್ವಿ, ಆದರೆ ಕುಂಕುಮದ ಬೊಟ್ಟನ್ನ ನಾನು ಮುಟ್ಟಲಿಲ್ಲ. ಕುಂಕುಮ ಆವಿಯಾಗಲ್ಲ ಅಂತ ಸಾರ್‌ಗೆ ಖಾತ್ರಿ ಕೊಟ್ಟೆ. ದಿನವಿಡೀ ಒಣಗಾಳಿ ಹರಿಸಿದ್ವಿ. ಚುಕ್ಕಿಗಳನ್ನ ಹೊಸದಾಗಿ ಉಜ್ಜಿ, ಮರುದಿನ ಗ್ರಾಫ್ ತೆಗೆದೆ. ಆ ದೊಡ್ಡ ಕಲ್ಲು ನಿಂತಿದ್ದ ಜಾಗದಲ್ಲಿ ಒಂದು ಸಣ್ಣ ಗುಳ್ಳೆಯಂಥ ಉಬ್ಬು ಉಳಿದಿತ್ತು. ಇಷ್ಟು ದಿನ ಅದರ ಅಡಿಯಲ್ಲೇ ಮುಚ್ಚಿಹೋಗಿತ್ತು, ಪಾಪ. ವೋಲ್ಟೇಜ್ ಏರಿಸಿದೆ. ಸರಿದಂತಾಯ್ತು. ಇನ್ನೂ ಏರಿಸಿದೆ. ಇನ್ನೂ ಸರೀತು.

"ಸಾರ್, ಕದಲ್ತಿದೆ! ಕದಲ್ತಿದೆ ಸಾರ್!"

"ಕಿರುಚಬೇಡ. ಇಳಿಸಿ ನೋಡು."

ಇಳಿಸಿದೆ. ಸುಮ್ಮನೆ ಬಂದ ದಾರಿಯಲ್ಲೇ ವಾಪಸ್ ಬಂತು. ಅವತ್ತು ಪೂರ್ತಿ ಅದನ್ನೇ ಏರಿಸಿ ಇಳಿಸಿ ನೋಡಿದ್ವಿ. ಒಂದು ಸಲವೂ ಸುಳ್ಳು ಹೇಳಲಿಲ್ಲ.

"ನೀವು ಬೇಡ್ಕೊಂಡಿದ್ದು ಫಲಿಸ್ತು ನೋಡಿ ಸಾರ್" ಅಂತ ರೇಗಿಸಿದೆ.

ಸಾರ್ ಕನ್ನಡಕ ತೆಗೆದು ಒರೆಸ್ಕೊಂಡ್ರು, ಕಣ್ಣನ್ನೂ ಒರೆಸ್ಕೊಂಡ್ರು.

"ಹೂಂ" ಅಂದ್ರು. "ಕರ್ಪೂರ ತೆಗೆದ ಮೇಲೆ."