ಪ್ರಾಂಪ್ಟ್ ಪುಸ್ತಕದಲ್ಲಿ ಇಲ್ಲದ ಮಾತು

ಅಟ್ಟದ ಮೇಲಿನ ಟ್ರಂಕು ಇಳಿಸಿ, ಹಳೆಯ ಸೀರೆಗಳ ಅಡಿಯಿಂದ ಆ ಉದ್ದನೆಯ ನೋಟ್‌ಬುಕ್ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಕಮಟು ಹಿಡಿದ ಕೊಬ್ಬರಿ ಎಣ್ಣೆಯ ವಾಸನೆ. ನಾಟಕ ಮುಗಿದ ಮೇಲೆ ಮುಖದ ಬಣ್ಣ ಬಿಡಿಸಲು ಎಲ್ಲರೂ ಕೊಬ್ಬರಿ ಎಣ್ಣೆ ಬಳಿದುಕೊಳ್ಳುತ್ತಿದ್ದರು. ಅದೇ ಕೈಯಲ್ಲಿ ನನ್ನ ಪುಸ್ತಕ ಮುಟ್ಟಬೇಡಿ ಅಂದರೆ ಯಾರು ಕೇಳಬೇಕು? ನಲವತ್ತು ವರ್ಷದ ಮೇಲಾದರೂ ಕಲೆ ಹೋಗಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, "ಈ ವಯಸ್ಸಿನ್ಯಾಗ ಸ್ಟೂಲ್ ಹತ್ತೀರಲ್ಲ, ಬಿದ್ದಗಿದ್ದರ ಯಾರು ನೋಡಾವ್ರು?" ಎಂದು ಬೈದಳು. ಕಳೆದ ಭಾನುವಾರ ಮಗಳ ಮನೆಯಲ್ಲಿ ಒಂದು ಸಿನಿಮಾ ನೋಡಿ ಬಂದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ ಎಂದು ಅವಳಿಗೆ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದ ಕಡೆಯಿಂದ ಯಶವಂತಪುರದ ಒಂದು ಕಾರ್ಖಾನೆಗೆ ಗುಮಾಸ್ತನಾಗಿ ಬಂದೆ. ಮತ್ತಿಕೆರೆಯಲ್ಲಿ ಒಂದು ವಠಾರದ ಕೋಣೆ ಹಿಡಿದೆ. ಕಾರ್ಖಾನೆಯ ಕನ್ನಡ ಸಂಘ ಪ್ರತಿ ರಾಜ್ಯೋತ್ಸವಕ್ಕೆ ಒಂದು ಹಾಸ್ಯ ನಾಟಕ ಆಡುತ್ತಿತ್ತು. ನನಗೂ ಪಾರ್ಟು ಮಾಡುವ ಹುಚ್ಚು. ಆದರೆ ನಾನು ಬಾಯಿ ಬಿಟ್ಟರೆ ಸಾಕು, ನಗಬಾರದ ಜಾಗದಲ್ಲೂ ಎಲ್ಲರೂ ನಗುತ್ತಿದ್ದರು. "ಗುರು, ನಿನ್ನ ಧಾರವಾಡ ಕನ್ನಡದಲ್ಲಿ ಹೆಣದ ಮುಂದೆ ಅಳೋ ಸೀನೂ ಕಾಮಿಡಿ ಆಗೋಗುತ್ತೆ," ಎಂದು ಹೇಳಿ ನನ್ನ ಕೈಗೆ ಪ್ರಾಂಪ್ಟ್ ಪುಸ್ತಕ ಕೊಟ್ಟವನು ಸಂಘದ ಮುಖ್ಯ ನಟ, ನನ್ನ ಗೆಳೆಯ. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಮುಂದಿನ ಮಾತು ಹೇಳಿಕೊಡುವುದು ನನ್ನ ಕೆಲಸವಾಯಿತು. ಇಡೀ ನಾಟಕ ನನಗೆ ಬಾಯಿಪಾಠ. ಆದರೂ ಒಂದು ಸಾಲೂ ನನ್ನದಲ್ಲ.

ಅವನು ಡ್ರಾಯಿಂಗ್ ವಿಭಾಗದಲ್ಲಿ ನಕ್ಷೆಗಳನ್ನು ಶಾಯಿಯಲ್ಲಿ ನಕಲು ತೆಗೆಯುವ ಟ್ರೇಸರ್ ಆಗಿದ್ದ. ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಕಡಿಮೆ, ಎಲ್ಲರಿಗೂ ಟ್ರೇಸರ್ರೇ. ಅವನ ಅಪ್ಪ ನನ್ನ ವಠಾರದ ಯಜಮಾನರು, ಮತ್ತಿಕೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಹಾಗಾಗಿ ನಾವಿಬ್ಬರೂ ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆವು. ಅವನು ತುಳಿಯುತ್ತಿದ್ದ, ನಾನು ಹಿಂದೆ ಕೂತು ಎರಡೂ ಬುತ್ತಿ ಹಿಡಿದಿರುತ್ತಿದ್ದೆ. ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಶಾಯಿ, ಅಂಗಿಗೆ ಮಾತ್ರ ಒಂದು ಸುಕ್ಕಿಲ್ಲ. ಮನೆಯಲ್ಲಿ ಅಪ್ಪನ ಎದುರು ಬಾಯಿ ಬಿಡದ ಹುಡುಗ ರಂಗದ ಮೇಲೆ ನಿಂತರೆ ಮಾತಿನ ಮಲ್ಲನಾಗಿಬಿಡುತ್ತಿದ್ದ.

ಆ ವರ್ಷದ ನಾಟಕದಲ್ಲಿ ಮದುವೆ ಬೇಡವೆನ್ನುವ ಒಬ್ಬ ವರ. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಒಂದೊಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾನೆ. ಒಂದು ಕಡೆ ಕಿವಿ ಕೇಳಿಸದು, ಇನ್ನೊಂದು ಕಡೆ ನಿದ್ದೆಯಲ್ಲಿ ಎದ್ದು ನಡೆಯುವ ಕಾಯಿಲೆ. ವರ ಅವನೇ. ತಮಾಷೆಯೆಂದರೆ, ನಾವು ಕ್ಯಾಂಟೀನಿನಲ್ಲಿ ರಿಹರ್ಸಲ್ ಮಾಡುತ್ತಿದ್ದ ದಿನಗಳಲ್ಲೇ ಮನೆಯಲ್ಲಿ ಅವನಿಗೆ ನಿಜವಾಗಿ ಯಲಹಂಕದ ಒಂದು ಹೆಣ್ಣು ಗೊತ್ತಾಯಿತು. ಅಪ್ಪ ಬೀಗರನ್ನು ನಾಟಕಕ್ಕೇ ಕರೆದರು. "ಅಳಿಯ ಎಂಗೆ ಆಡ್ತಾನೆ ಅಂತ ಅವ್ರೂ ನೋಡ್ಲಿ ಬುಡಿ," ಎಂದು ನನ್ನ ಮುಂದೆ ಮೀಸೆ ತಿರುವಿದರು.

ನಾಟಕದ ಹಿಂದಿನ ದಿನ ಸಂಜೆ ಅವನು ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡು ನಡೆದ. ರೈಲ್ವೆ ಹಳಿಯ ಪಕ್ಕದ ದಾರಿ. ಸ್ವಲ್ಪ ದೂರ ಹೋದ ಮೇಲೆ ನನ್ನ ಮುಖ ನೋಡದೆ ಹೇಳಿದ: "ಗುರು, ನನಗೆ ಹುಡುಗೀರ ಮೇಲೆ ಮನಸ್ಸು ಬರಲ್ಲ ಕಣೋ. ಯಾವತ್ತೂ ಬಂದಿಲ್ಲ. ನನ್ನ ಮನಸ್ಸು ಹೋಗೋದು ಗಂಡಸರ ಮೇಲೆ."

ನಾನು ನಕ್ಕೆ. ಹೌದು, ಮೊದಲು ನಕ್ಕವನು ನಾನೇ. ನಾಟಕಕ್ಕೆ ಹೊಸ ಸುಳ್ಳು ಕಟ್ಟುತ್ತಿದ್ದಾನೆ ಅಂದುಕೊಂಡೆ. ಅವನು ನಗದೆ ಸುಮ್ಮನೆ ನಿಂತಿದ್ದ. ಆಮೇಲೆ ನನ್ನ ನಗು ತಾನಾಗಿಯೇ ನಿಂತಿತು...

"ಮನ್ಯಾಗ ಹೇಳೀಯೇನು?" ಎಂದೆ.

"ಮೂರು ಸಲ ಹೋಗಿ ಅಪ್ಪನ ಮುಂದೆ ನಿಂತೆ. ಬಾಯೇ ಬರ್ಲಿಲ್ಲ. ಸ್ಟೇಜ್ ಮೇಲಾದ್ರೆ ಬರುತ್ತೆ. ನಾಳೆ ಕೊನೇ ಸೀನಲ್ಲಿ ಸುಳ್ಳಿನ ಬದಲು ಇದನ್ನೇ ಹೇಳ್ತೀನಿ. ಮೊದ್ಲು ನಗ್ತಾರೆ, ನಗ್ಲಿ. ನಗು ನಿಲ್ಲೋವರ್ಗೂ ಸುಮ್ನೆ ನಿಂತಿರ್ತೀನಿ. ಆಗ ಅವ್ರಿಗೇ ಗೊತ್ತಾಗುತ್ತೆ. ಆ ಹುಡುಗೀಗೆ ಮೋಸ ಆಗ್ಬಾರ್ದು ಕಣೋ. ನೀನು ಒಂದೇ ಒಂದು ಸಹಾಯ ಮಾಡು. ಬಾಯಿ ಬಿಡ್ಬೇಡ."

"ಆತು ದೋಸ್ತ, ನಾ ಬಾಯಿ ಬಿಡಂಗಿಲ್ಲ. ನಮ್ಮವ್ವನ ಆಣಿ," ಎಂದೆ.

ಮರುದಿನ ಕಾರ್ಖಾನೆಯ ಮೈದಾನದ ಶಾಮಿಯಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಾಹೇಬರು, ಅವರ ಪಕ್ಕ ಅವನ ಅಪ್ಪ, ಬೀಗರು, ಹಸಿರು ಸೀರೆಯ ಆ ಹುಡುಗಿ. ಕೊನೆಯ ದೃಶ್ಯ ಬಂತು. ಮಾವನ ಪಾರ್ಟಿನವರು ಉಪ್ಪಿಟ್ಟಿನ ತಟ್ಟೆ ಹಿಡಿದು, "ಯಾಕಪ್ಪಾ, ನನ್ನ ಮಗಳನ್ನ ಒಪ್ಪೋಕೆ ಏನು ತೊಂದರೆ?" ಎಂದು ಕೇಳಿದರು. ಅವನು ಅವರಿಗೆ ಬೆನ್ನು ಹಾಕಿ ಮುಂದಿನ ಸಾಲಿಗೆ ಮುಖ ಮಾಡಿದ.

"ಸ್ವಾಮಿ, ನನಗೆ ಹೆಣ್ಣಿನ ಮೇಲೆ ಮನಸ್ಸು ಬರಲ್ಲ. ನನ್ನ ಮನಸ್ಸು ಹೋಗೋದು ಗಂಡಸರ ಮೇಲೆ. ನಿಮ್ಮ ಮಗಳಿಗೆ ಮೋಸ ಮಾಡೋಕೆ ನನಗಿಷ್ಟ ಇಲ್ಲ."

ಶಾಮಿಯಾನ ಹಾರಿಹೋಗುವ ಹಾಗೆ ನಕ್ಕರು. ಸಿಳ್ಳೆ ಹೊಡೆದರು. ಅವನು ನಿಂತೇ ಇದ್ದ. ಕೈ ಕಟ್ಟಲಿಲ್ಲ, ತಲೆ ತಗ್ಗಿಸಲಿಲ್ಲ. ಅವನು ಹೇಳಿದ ಹಾಗೆಯೇ ನಗು ಮೆಲ್ಲಗೆ ಇಳಿಯಿತು. ಮೊದಲು ಹಿಂದಿನ ಬೆಂಚುಗಳು ಸುಮ್ಮನಾದವು, ಆಮೇಲೆ ಮುಂದಿನವು. ಅವನ ಅಪ್ಪ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ಅರ್ಧ ಎದ್ದರು. ಆ ಮೌನದಲ್ಲಿ ನನ್ನ ದನಿಯೇ ನನಗೆ ಕೇಳಿಸಿತು:

"ಉಪ್ಪಿಟ್ಟಿಗೆ ಉಪ್ಪು ಕಮ್ಮಿ... ಉಪ್ಪಿಟ್ಟಿಗೆ ಉಪ್ಪು ಕಮ್ಮಿ!"

ಅವನು ಪರದೆಯ ಕಡೆ ತಿರುಗಿದ. ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಇಷ್ಟು ವರ್ಷ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಂತರ ಮಾವನ ಕಡೆ ತಿರುಗಿ, ಪುಸ್ತಕದಲ್ಲಿದ್ದ ಹಾಗೆಯೇ, "ಅದೆಲ್ಲಾ ಬಿಡಿ ಸ್ವಾಮಿ, ಉಪ್ಪಿಟ್ಟಿಗೆ ಉಪ್ಪು ಕಮ್ಮಿ!" ಎಂದ. ಮತ್ತೆ ನಗು, ಚಪ್ಪಾಳೆ. ಅಪ್ಪ ಕೂತರು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

ಅವನನ್ನು ಉಳಿಸಲು ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಬರೀ ಸುಳ್ಳು. ಒಂದೇ ವಠಾರ, ಒಂದೇ ಸೈಕಲ್ಲು... ನಾಳೆ ಜನ ನನ್ನ ಕಡೆಯೂ ತಿರುಗಿ ನೋಡುತ್ತಾರೆ ಎಂಬ ಹೆದರಿಕೆ ನನಗೆ. ಥೂ, ನನ್ನ ಜನ್ಮಕ್ಕಿಷ್ಟು.

ಅವನಿಗೆ ಉತ್ತಮ ನಟ ಎಂದು ಒಂದು ಸ್ಟೀಲ್ ಕೊಡ ಬಹುಮಾನ ಬಂತು. ಯುಗಾದಿಗೆ ಮೊದಲೇ ಆ ಹುಡುಗಿಯ ಜೊತೆಗೇ ಮದುವೆಯಾಯಿತು. ಕ್ಯಾಂಟೀನಿನಲ್ಲಿ ತಿಂಗಳುಗಟ್ಟಲೆ, ಅವನು ಸಾಲಿನಲ್ಲಿ ನಿಂತಾಗ ಯಾರಾದರೊಬ್ಬರು, "ಸ್ವಾಮಿ, ನನ್ನ ಮನಸ್ಸು ಹೋಗೋದು..." ಎಂದು ರಾಗ ಎಳೆಯುತ್ತಿದ್ದರು. ಅವನೂ ನಗುತ್ತಿದ್ದ. ಮತ್ತೆ ಬಣ್ಣ ಹಚ್ಚಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಬೆಳಗ್ಗೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುವುದನ್ನೂ ಬಿಡಲಿಲ್ಲ. ಕೊನೆಗೆ ನಾನೇ ಬಾಗಲಗುಂಟೆಗೆ ಮನೆ ಬದಲಾಯಿಸಿದೆ. ದಿನಾ ಅವನ ಬೆನ್ನು ನೋಡಿಕೊಂಡು ಹೋಗುವುದು ನನ್ನಿಂದ ಆಗಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಬೀದಿಯ ಹೆಂಗಸರು ಬೆರಳು ಮಾಡಿದ್ದು ಆಕೆಯ ಕಡೆಗೆ. ಮದುವೆಯಾಗಿ ಏಳನೆಯ ವರ್ಷ ಅವನು ಕಾಮಾಲೆಯಾಗಿ ತೀರಿಕೊಂಡ, ಮೂವತ್ನಾಲ್ಕು ತುಂಬಿರಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ಹೋದೆ. ಊಟವಾದ ಮೇಲೆ ಆಕೆ ಕಾಫಿ ತಂದುಕೊಟ್ಟು, ಅಲ್ಲೇ ಗೋಡೆಗೆ ಒರಗಿ ನಿಂತರು.

"ಅವತ್ತು ನಾನು ನಗ್ಲಿಲ್ಲ ಕಣಣ್ಣ," ಎಂದರು. "ಎಲ್ರೂ ನಗ್ತಿದ್ರು, ನಾನು ಅವ್ರ ಕಣ್ಣು ನೋಡ್ತಿದ್ದೆ. ನಮ್ಮಪ್ಪನ ತೋಳು ಹಿಡ್ಕೊಂಡೆ, ಎದ್ದು ಹೋಗೋಣ ಅಂತ. ಅಷ್ಟರಲ್ಲಿ ಉಪ್ಪಿಟ್ಟು ಅಂದ್ಬಿಟ್ರು. ಓ, ನಾಟಕ ಅಂದ್ಕೊಂಡು ಕೂತ್ಕೊಂಡೆ. ಮೂರು ವರ್ಷ ಆದ್ಮೇಲೆ ಅವ್ರೇ ಎಲ್ಲಾ ಹೇಳಿದ್ರು. ಪರದೆ ಒಳಗಿಂದ ಏನೋ ದನಿ ಕೇಳಿಸ್ತಲ್ಲ, ಯಾರಾದ್ರೂ ಹೇಳ್ಕೊಟ್ರಾ ಅಂತ ಕೇಳ್ದೆ. ಇಲ್ಲ, ಯಾರೂ ಇಲ್ಲ, ನಂಗೇ ಧೈರ್ಯ ಸಾಲ್ಲಿಲ್ಲ ಅಂದ್ರು."

ನಾನು ಲೋಟ ಹಿಡಿದು ಕೂತಿದ್ದೆ. ಬಾಯಿ ಬಿಡಬೇಕಾದ ಹೊತ್ತು ಅದು. ಕಾಫಿ ಕುಡಿದು, "ಬರ್ತೀನ್ರಿ ಅಕ್ಕಾರ," ಎಂದು ಎದ್ದು ಬಂದೆ.

ಕಳೆದ ಭಾನುವಾರ ಯಲಹಂಕದ ಮಗಳ ಫ್ಲಾಟಿನಲ್ಲಿ ಟಿವಿಗೆ ಹಾಕಿದ್ದದ್ದು ಹಾಸ್ಯದ ಸಿನಿಮಾ. ಸಣ್ಣ ಊರೊಂದರ ಹುಡುಗ ತನ್ನ ನಿಶ್ಚಿತಾರ್ಥದ ದಿನ ಮೈಕ್ ಹಿಡಿದು ಅದೇ ಮಾತು ಹೇಳುತ್ತಾನೆ. ಊರೆಲ್ಲ ನಗುತ್ತದೆ. ಹುಡುಗ ನಿಂತೇ ಇರುತ್ತಾನೆ. ನಗು ನಿಲ್ಲುತ್ತದೆ. ನಾವು ಕೂತಿದ್ದ ಕೋಣೆಯಲ್ಲೂ ಮಗಳು, ಅಳಿಯ, ಮೊಮ್ಮಗಳು ಎಲ್ಲರೂ ಸುಮ್ಮನಾದರು. ಆ ಹುಡುಗನ ಅಪ್ಪ ಎದ್ದ, ಅಮ್ಮ ಎದ್ದಳು, ಮದುವೆ ಹೆಣ್ಣು ಎದ್ದು ಬಂದು ಅವನ ಕೈಯಿಂದ ಮೈಕ್ ಇಸಿದುಕೊಂಡು, "ನನಗೆ ಹೇಳಿದ್ದು ಒಳ್ಳೇದಾಯ್ತು," ಎಂದಳು. ನಾನು ಖಾರ ಮಂಡಕ್ಕಿಯ ತಟ್ಟೆ ಕೆಳಗಿಟ್ಟು ಕಣ್ಣೊರೆಸಿಕೊಂಡೆ. "ಯಾಕಪ್ಪಾ?" ಎಂದಳು ಮಗಳು. ಖಾರ ಹತ್ತಿತು ಎಂದೆ.

ಮತ್ತಿಕೆರೆಯ ಆ ವಠಾರದ ಜಾಗದಲ್ಲಿ ಈಗ ಕಾಲೇಜು ಹುಡುಗರ ನಾಲ್ಕು ಅಂತಸ್ತಿನ ಪಿಜಿ ಇದೆ. ಆಕೆ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ನಾನು ವಿಚಾರಿಸಿದವರಲ್ಲಿ ಯಾರಿಗೂ ತಿಳಿಯದು. ನೋಟ್‌ಬುಕ್ಕಿನ ಆ ಪುಟ ನನ್ನ ಎದುರಿಗಿದೆ. ಉಪ್ಪಿಟ್ಟಿನ ಸಾಲು ಹಾಗೇ ಇದೆ, ಅವನು ಹೇಳಿದ ಮಾತು ಅದರಲ್ಲಿಲ್ಲ. ಅಕ್ಕಾರ, ಎಲ್ಲಿದ್ದರೂ ಕೇಳಿಸಿಕೊಳ್ಳಿ. ಒಳಗಿನಿಂದ ಬಂದ ದನಿ ನನ್ನದು. ಧೈರ್ಯ ಸಾಲದೆ ಹೋದದ್ದು ಅವನಿಗಲ್ಲ.