ಒಂದೇ ಬಟ್ಟಲಿನ ಎರಡು ಹ್ಯಾಮ್‌ಸ್ಟರ್‌ಗಳು

ಮಾನ್ಯ ಓದುಗರಲ್ಲಿ ವಿನಂತಿ. ನಾನು ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಕಾಗುಣಿತ ತಪ್ಪಿರಬಹುದು, ಅಕ್ಷರವೂ ದುಂಡಾಗಿಲ್ಲ. ಅಚ್ಚಿಗೆ ಜೋಡಿಸುವವರೂ ತಾವೂ ಕ್ಷಮಿಸಬೇಕು. ಈ ವಾರ ಅಂಕಣದ ಜಾಗ ನನಗೆ ದೊರೆತಿರುವುದರಿಂದ, ಅಫಜಲಪುರದ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಸಂಗತಿ ಏನೆಂದರೆ, ನಮ್ಮ ಒಂದು ಹ್ಯಾಮ್‌ಸ್ಟರ್‌ನ ಕಿವಿ ಹರಿದಿತ್ತು.

(ಹ್ಯಾಮ್‌ಸ್ಟರ್ ಎಂದರೆ ಬಾಲವೇ ಕಾಣದ ಒಂದು ಬಗೆಯ ಸಣ್ಣ ಇಲಿ. ನಮ್ಮವು ಅದರಲ್ಲಿಯೂ ಗಿಡ್ಡ ತಳಿ. ಎರಡೂ ಅಂಗೈಯಲ್ಲಿ ಹಿಡಿಸುತ್ತವೆ. ಬೆಕ್ಕಿಗೆ ತೋರಿಸುವಂತಿಲ್ಲ.)

ಸದರಿ ಪ್ರಾಣಿಗಳನ್ನು ದೀಪಾವಳಿಗೆ ಬಂದ ನನ್ನ ತಮ್ಮನು ನನ್ನ ಮಗಳು ಸವಿತಾಳಿಗಾಗಿ ಸೋಲಾಪುರದಿಂದ ತಂದನು. ಒಂದೇ ಸೂಲಿನ ಅಕ್ಕತಂಗಿಯರು, ಕೂಡಿಯೇ ಇರುತ್ತವೆ ಎಂದು ಅಂಗಡಿಯವನು ಹೇಳಿದ್ದನಂತೆ. ಜಾಳಿಗೆಯ ಪಂಜರ ಒಂದು. ಮಲಗಲು ಬಿಸ್ಕೀಟಿನ ಡಬ್ಬಿ ಒಂದು. ಊಟದ ಬಟ್ಟಲು? ನಾನು ಎರಡಿಡಲು ಹೋದೆ. ಅತ್ತೆಯವರು ಬೇಡವೆಂದರು. ಒಂದರಲ್ಲಿ ಉಂಡರೆ ಪ್ರೀತಿ ಬೆಳೆಯುತ್ತದೆ. ತಾವು ನಾಲ್ವರು ನೆಗೆಣ್ಣಿಯರು, ಅಂದರೆ ಈ ಮನೆಯ ಸೊಸೆಯರು, ಒಂದೇ ತಾಟಿನಲ್ಲಿ ಉಂಡು ಎಂದೂ ಜಗಳವಾಡಿದವರಲ್ಲ ಎಂದು ಅವರ ವಾದ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈ ಪದ್ಧತಿ ಇತ್ತಲ್ಲವೇ? ನಾನೂ ಒಪ್ಪಿದೆ.

ಒಂದು ದಪ್ಪಗಾಯಿತು. ಇನ್ನೊಂದು ಬಡವಾಯಿತು. ದಪ್ಪನೆಯದು ಜೋಳ, ಕುಸುಬಿಯನ್ನೆಲ್ಲ ಗಲ್ಲದೊಳಗೆ ತುಂಬಿಕೊಂಡು ಡಬ್ಬಿಗೆ ಸಾಗಿಸುತ್ತಿತ್ತು. ಬಡಕಲಾದದ್ದು ಮೂಲೆಯಲ್ಲಿ ಕುಳಿತು ನೋಡುತ್ತಿತ್ತು. ಸದ್ದಿಲ್ಲ, ಗದ್ದಲವಿಲ್ಲ. "ಭಾಳ ಸಾಧು ಅದ ಇದು," ಎಂದು ಅತ್ತೆಯವರು ಹೊಗಳಿದರು. ಮನೆಗೆ ಬಂದವರಿಗೂ ತೋರಿಸಿದರು. ನಾವೆಲ್ಲರೂ ಹೌದೆಂದೆವು.

ದಪ್ಪನೆಯದು ಬಡಕಲಿನ ಕಿವಿ ಕಚ್ಚಿ ಹರಿದದ್ದು ಇದಾದ ಮೇಲೆ. ಅದು ಬದುಕುವುದೋ ಇಲ್ಲವೋ ಎಂದು ಸವಿತಾ ಶಾಲೆಗೂ ಹೋಗದೆ ಪಂಜರದ ಮುಂದೆ ಕುಳಿತಳು. ನಮ್ಮ ಯಜಮಾನರು ಎಸ್‌ಟಿಡಿ ಬೂತಿನಿಂದ ನನ್ನ ತಮ್ಮನಿಗೆ ಫೋನ್ ಮಾಡಿದರು. ಅವನು ಅಂಗಡಿಯಲ್ಲಿ ವಿಚಾರಿಸಿ ತಿಳಿಸಿದ್ದು ಇಷ್ಟು: ಒಂದೇ ಸೂಲಿನವಾದರೂ ಬೆಳೆದ ಮೇಲೆ ಕೂಡಿ ಬಾಳುತ್ತವೆಂಬ ಖಾತ್ರಿಯಿಲ್ಲ. ಕೂಡಿ ಇಡುವುದಾದರೆ ಬಟ್ಟಲು, ಡಬ್ಬಿ ಎಲ್ಲವೂ ಎರಡೆರಡು, ಅದೂ ದೂರದೂರ ಇರಬೇಕು. ರಕ್ತ ಕಂಡ ಮೇಲೆ ಬೇರೆ ಮಾಡಲೇಬೇಕು, ಮತ್ತೆ ಕೂಡಿಸಬಾರದು.

ಅತ್ತೆಯವರು ಒಪ್ಪಲಿಲ್ಲ. "ಅಕ್ಕ-ತಂಗಿ ಅವ. ಬ್ಯಾರೆ ಮಾಡಿದ್ರ ಆ ಸಾಧು ಪ್ರಾಣಿ ಕೊರಗಿ ಸಾಯ್ತದ ನೋಡ್ರಿ," ಎಂದರು.

"ಆಯಿ, ಅದು ಸಾಧು ಇಲ್ಲ," ಎಂದಳು ಸವಿತಾ ಅಜ್ಜಿಗೆ. "ಅಂಜಿ ಕುಂತದ. ಹಸಿವಿ ಆಗ್ಯದ ಅದಕ್ಕ."

ಅತ್ತೆಯವರು ಎದ್ದು ಒಳಗೆ ಹೋದರು. ಸಿಟ್ಟಾದರೆಂದು ನಾನು ಹೆದರಿದೆ. ಅವರು ತಮ್ಮ ಟ್ರಂಕಿನ ಸೀರೆಗಳನ್ನೆಲ್ಲ ಹಾಸಿಗೆಯ ಮೇಲೆ ಹಾಕಿ, ಬರಿದಾದ ಟ್ರಂಕನ್ನು ಪಡಸಾಲೆಗೆ ಎಳೆದು ತಂದರು. ಮೇಲೆ ತಂತಿ ಜಾಳಿಗೆ ಹೊದಿಸಲು ಹೇಳಿದರು. ಗಾಯಗೊಂಡದ್ದನ್ನು ತಾವೇ ಎತ್ತಿ ಒಳಗೆ ಬಿಟ್ಟು, ಅದರ ಮುಂದೆ ಒಂದು ಹಿಡಿ ಕುಸುಬಿ ಸುರಿದರು.

ಅದು ಮೊದಲು ಸುತ್ತಲೂ ನೋಡಿತು. ಯಾರೂ ಬರಲಿಲ್ಲ. ಆಮೇಲೆ ಎರಡೂ ಗಲ್ಲ ಉಬ್ಬುವಷ್ಟು ತುಂಬಿಕೊಂಡಿತು.

ಅತ್ತೆಯವರು ಅದನ್ನೇ ನೋಡುತ್ತ ನನಗೆ ಹೇಳಿದರು: "ನಾ ಈ ಮನೀಗಿ ಬಂದಾಗ ನನಗೂ ಹಂಗೇ ಅಂತಿದ್ರು, ಸುವರ್ಣಾ. ಸಣ್ಣ ಸೊಸಿ ಭಾಳ ಸಾಧು, ತಾಟಿಗಿ ಕೈನೇ ಹಾಕಂಗಿಲ್ಲ ಅಂತ."

(ಕಿವಿ ಮಾಯ್ದಿದೆ. ಎರಡೂ ಪ್ರತ್ಯೇಕವಾಗಿ ಕ್ಷೇಮವಾಗಿವೆ.)

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಿ ತಿಳಿಸಬೇಕು. ಜೊತೆಗೆ ಇದೊಂದಕ್ಕೆ ಉತ್ತರವನ್ನೂ ಕೋರುತ್ತೇನೆ: ನಮ್ಮ ಮನೆಯಲ್ಲಿ ಜಗಳವೇ ಇಲ್ಲ ಎಂದು ಹೇಳಿಕೊಳ್ಳುವ ಮೊದಲು, ಎಲ್ಲರ ಹೊಟ್ಟೆಯೂ ತುಂಬಿತೇ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?